ಎರಡೇ ಸಾಲಿನ ಒಪ್ಪಿಗೆ

ಇದು ಯಾರೋ ಕಟ್ಟಿ ಹೇಳಿದ್ದಲ್ಲ. ನನ್ನ ಚಿಕ್ಕಪ್ಪನ ಮಗಳು ರುಕ್ಸಾಂದ್ರಳಿಗೇ ಆದದ್ದು. ದೀಪ ಸಣ್ಣ ಮಾಡಿ, ಹೇಳ್ತೀನಿ.

ಡಿಸೆಂಬರ್ ತಿಂಗಳು. ನಮ್ಮ ಸುಚಾವಾ ಪಟ್ಟಣದ ಕಡೆ ಆಗ ಐದಕ್ಕೇ ಕತ್ತಲು. ಆಫೀಸಿನಿಂದ ತಡವಾಗಿ ಬಸ್ಸಿಳಿದು, ಹೊಲದಂಚಿನ ಹಳೇ ಬಾವಿಯ ಪಕ್ಕದ ಹಾದಿಯಲ್ಲಿ ಮನೆಗೆ ನಡೀತಿದ್ದಳು. ಕಾಲಡಿ ಹಿಮ... ಕರಕ್, ಕರಕ್. ಜೊತೆಗೆ ಕೆಲಸ ಮಾಡೋ ಸಾಬಿನ್ ಫೋನು ಮಾಡಿದ.

"ಅಕ್ಕಾ, ಕಂಪ್ಯೂಟರ್ ಕೋಡಲ್ಲಿ ಎರಡೇ ಸಾಲು ಬದಲಿಸಿದೀನಿ. ನೋಡಿ ಒಪ್ಪಿಗೆ ಕೊಟ್ಬಿಡು."

"ನಾಳೆ ನೋಡ್ತೀನಿ ಕಣೋ. ಬೆರಳು ಮರಗಟ್ಟಿದೆ."

"ಬರೀ ಪದ ತಿದ್ದಿರೋದು. ಒಂದು ಬೆರಳು ಸಾಕು, ಹತ್ತೂ ಬೇಡ."

ಅವರ ಕಂಪನಿ ಊರೂರಿನ ಪಂಪ್‌ಹೌಸುಗಳನ್ನು ನೋಡಿಕೊಳ್ಳುತ್ತಿತ್ತು. ಅಲ್ಲಿರೋ ಒಂಟಿ ಕಾವಲುಗಾರ ಗಂಟೆಗೊಮ್ಮೆ ಬಟನ್ ಒತ್ತಬೇಕು. ಒತ್ತದಿದ್ದರೆ ಆಫೀಸಿನ ಕಂಪ್ಯೂಟರಿಗೆ ಎಚ್ಚರಿಕೆಯ ವರದಿ ಬರುತ್ತದೆ: 'ಆಳು ಉತ್ತರಿಸುತ್ತಿಲ್ಲ.' ಸಾಬಿನ್ ಅದನ್ನು 'ಪಂಪ್ ಕೇಂದ್ರದಿಂದ ಉತ್ತರವಿಲ್ಲ' ಅಂತ ಮಾಡಿದ್ದ. ಓದೋಕೆ ಸೊಗಸು, ಅಷ್ಟೇ.

ಬಾವಿಕಟ್ಟೆಗೆ ಒರಗಿ ಅವಳು ಅದನ್ನು ಫೋನಿನಲ್ಲಿ ಓದುತ್ತಿದ್ದಾಗ... ಒಳಗಿಂದ, ಟಿಣ್. ಕಬ್ಬಿಣಕ್ಕೆ ಉಂಗುರ ತಗುಲಿದ ಹಾಗೆ. ಟಿಣ್... ಟಿಣ್. ಆ ಬಾವಿಯಲ್ಲಿ ಕಬ್ಬಿಣದ ಚೂರೂ ಇಲ್ಲ, ನಾನು ಬಲ್ಲೆ. ಆಮೇಲೆ ಯಾರೋ ಮುದುಕನ ಪಿಸುದನಿ.

"ಸ್ವಲ್ಪ ನಿಲ್ಲು, ಮಗಳೇ..."

ಅವಳು ನಿಲ್ಲಲಿಲ್ಲ. ಒಪ್ಪಿಗೆ ಒತ್ತಿದವಳೇ ಓಡಿದಳು.

ಆಫೀಸಲ್ಲಿ ರಾತ್ರಿ ಪಾಳಿಯವರನ್ನು ಎಬ್ಬಿಸೋಕೆ ಒಂದು ಗಂಟೆ ಇತ್ತು, ಅದು ವರದಿಯಲ್ಲಿ 'ಆಳು' ಅನ್ನೋ ಪದ ಕಂಡರೆ ಮಾತ್ರ ಬಡಿಯುತ್ತಿತ್ತು. ಮೂರು ವರ್ಷದ ಹಿಂದೆ ಹಾಗೆ ಮಾಡಿಟ್ಟವಳು ರುಕ್ಸಾಂದ್ರಳೇ. ಮರೆತಿದ್ದಳು.

ಅವಳು ಮನೆ ಸೇರಿದ ಮೇಲೆ, ಅದೇ ರಾತ್ರಿ ಎಂಟಕ್ಕೆ ಗವ್ರಿಲ್ ಅನ್ನೋ ಮುದಿ ಕಾವಲುಗಾರ ಮಂಜುಗಡ್ಡೆಯ ಮೇಲೆ ಜಾರಿ ಪಂಪಿನ ಹೊಂಡಕ್ಕೆ ಬಿದ್ದ. ವರದಿ ಗಂಟೆಗೊಂದರಂತೆ ಬರುತ್ತಲೇ ಇತ್ತು. ಎಬ್ಬಿಸೋ ಗಂಟೆ ಮಾತ್ರ ಬಡಿಯಲಿಲ್ಲ. ಬೆಳಿಗ್ಗೆ ಹೆಣ ಸಿಕ್ಕಾಗ ತೋಳು ಕಬ್ಬಿಣದ ಏಣಿಗೆ ತೊಡರಿಕೊಂಡಿತ್ತು. ಬಡಿದು ಬಡಿದು ಮದುವೆ ಉಂಗುರ ಚಪ್ಪಟೆಯಾಗಿತ್ತು. ಬೆಳಗಿನ ಜಾವದವರೆಗೂ ಜೀವ ಇತ್ತು ಅಂದರು ಡಾಕ್ಟರು.

ಹಳೇ ಪದ ವಾಪಸು ಹಾಕಿದರು. ಯಾರಿಗೆ ಉಪಯೋಗ?

ಸತ್ತ ನಲವತ್ತನೇ ದಿನ ಚರ್ಚಿನಲ್ಲಿ ನಡೆಯೋ ಪೂಜೆಗೆ ರುಕ್ಸಾಂದ್ರ ಹೋದಳು. ನಾನೇ ಜೊತೆಗಿದ್ದೆ. ಗವ್ರಿಲನ ಹೆಂಡತಿ ಪರಾಸ್ಕಿವಾ ಅವಳ ಕೈಗೆ ಗೋಧಿಯ ಪ್ರಸಾದ ಕೊಟ್ಟಳು.

"ಅಮ್ಮಾ, ನಾನು..."

"ಗೊತ್ತು. ಬೇಕಂತ ಮಾಡಿದ್ದಲ್ಲ," ಅಂದಳು ಮುದುಕಿ, ಮೆಲ್ಲಗೆ. "ಆದ್ರೂ ಇನ್ಮೇಲೆ ಬರಬೇಡ, ಮಗಳೇ. ನಿನ್ನ ಮುಖ ನೋಡೋಕೆ ಆಗಲ್ಲ ನಂಗೆ."

ರುಕ್ಸಾಂದ್ರ ಕೆಲಸ ಬಿಟ್ಟಳು. ಈಗ ನಮ್ಮ ಮನೆ ಮಹಡಿಯಲ್ಲಿದ್ದಾಳೆ. ಊಟಕ್ಕೆ ಕರೆದರೆ ಇಳಿದು ಬರುತ್ತಾಳೆ, ಮಾತಿಲ್ಲ. ಪಾದ್ರಿಯೂ ಬಂದು ಹೋದ, ಡಾಕ್ಟರೂ ಬಂದು ಹೋದ.

ಇನ್ನೊಂದಿದೆ. ಸಾಬಿನ್ ನನ್ನನ್ನು ಕರೆದು ಕಂಪ್ಯೂಟರಿನಲ್ಲಿ ತೋರಿಸಿದ. ಆ ಎರಡು ಸಾಲಿನ ಕೆಳಗೆ, ಓದಿ ನೋಡಿದವರ ಹೆಸರು ಬೀಳುವ ಜಾಗದಲ್ಲಿ, ಎರಡು ಹೆಸರಿವೆ. ಒಂದು ರುಕ್ಸಾಂದ್ರಳದು. ಇನ್ನೊಂದು ಗವ್ರಿಲನದು... ಸಮಯ, ಅವನ ಜೀವ ಹೋದ ಬೆಳಿಗ್ಗೆ ಐದು ನಲವತ್ತು. ಆ ಮನುಷ್ಯ ಜನ್ಮದಲ್ಲಿ ಕಂಪ್ಯೂಟರು ಮುಟ್ಟಿದವನಲ್ಲ.

ಬೇರೆಯವರ ಮಾತು ಬಿಡಿ. ಈ ಕಣ್ಣಿಂದ ನಾನೇ ನೋಡಿದೀನಿ.