ಜೀಪಿನಲ್ಲಿ ಹೇಳಿದ ಕಥೆ

“ಏಳನೇ ಕ್ಲಾಸಲ್ಲಿ ಫೇಲಾದವ ಸಿನಿಮಾ ಬರೀತಾನಂತೆ, ನೋಡ್ರೋ!”

ಕೊಟ್ಟಿಗೆಹಾರದ ಬಸ್ ಸ್ಟಾಪಿನಲ್ಲಿ ದಿನಸಿ ಅಂಗಡಿಯ ಹಾಲೇಶ್ ಹೀಗೆಂದಾಗ ಬಸ್ಸಿಗೆ ಕಾಯುತ್ತಿದ್ದವರೆಲ್ಲ ನಕ್ಕರು. ನಾನೂ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು, ಮೈಯೆಲ್ಲ ಉರಿಯಿತು. ಬೈಸಿಕೊಂಡ ಜೀಪ್ ಡ್ರೈವರ್ ಮುನ್ನಾ ಮಾತ್ರ ತನ್ನ ಸ್ಕ್ರಿಪ್ಟಿನ ಫೈಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತಲೇ ಇದ್ದ.

“ಫೇಲಲ್ಲ ಹಾಲೇಶಣ್ಣ, ನಾನೇ ಬಿಟ್ಟಿದ್ದು.”

“ಬೆಂಗಳೂರಿಗೆ ಇದು ಎಷ್ಟನೇ ಸಲ?”

“ಹನ್ನೊಂದನೇದು.”

“ಒಂಬತ್ತು ವರ್ಷದಲ್ಲಿ ಒಬ್ಬನಾದ್ರೂ ನಿನ್ನ ಕಥೆ ತಗೊಂಡ್ನಾ?”

“ಒಬ್ರು ತಗೊಂಡ್ರು, ಮುಹೂರ್ತ ಆಗಿ ಶೂಟಿಂಗ್ ನಿಂತೋಯ್ತು. ಇನ್ನೊಬ್ರು ನನ್ನ ಹೆಸರು ತೆಗೆದು ಅವ್ರ ಹೆಸರು ಹಾಕ್ಕೊಂಡ್ರು.”

“ಮತ್ತೆ ಯಾಕೆ ಹೋಗ್ತೀಯ ಮಾರಾಯ?”

“ಇದು ಹೊಸ ಕಥೆ. ಬಾಳೂರಿನ ಎಸ್ಟೇಟ್ ಕೆಲಸಕ್ಕೆ ಹೋಗೋ ಹೆಂಗಸರಿಗೆ ದಿನಾ ಜೀಪಲ್ಲಿ ಹೇಳಿ ನೋಡಿದೀನಿ. ಯಾವ ಸೀನಲ್ಲಿ ಅವ್ರು ತಮ್ಮತಮ್ಮಲ್ಲೇ ಮಾತಿಗಿಳಿದ್ರೋ ಆ ಸೀನು ಹರಿದು ಮತ್ತೆ ಬರ್ದೆ. ನಾಳೆ ಹನ್ನೊಂದಕ್ಕೆ ಪ್ರೊಡ್ಯೂಸರ್ ಕೇಳ್ತಾರೆ.”

“ಗೊತ್ತು ಬಿಡು. ಸೋಮವಾರ ನಾನೂ ಅದೇ ಜೀಪಲ್ಲಿ ಬಂದ್ನಲ್ಲ.”

ಬಸ್ಸು ಬಂತು. ಮುನ್ನಾ ಫೈಲನ್ನು ಎದೆಗೆ ಅವಚಿಕೊಂಡು ಹೊರಟ. ಹಾಲೇಶ್ ನಾಲ್ಕು ಹೆಜ್ಜೆ ಅವನ ಹಿಂದೆಯೇ ಬಂದ. ಈಗ ದನಿ ಸಣ್ಣದಾಗಿತ್ತು.

“ಏ ಮುನ್ನಾ, ನಿನ್ನ ಕಥೇಲಿ ಆ ಹೆಂಗಸು ತುಂಬಿದ ಹೊಳೆ ಮಧ್ಯ ನಿಂತಿದ್ಲು, ಅಷ್ಟರಲ್ಲಿ ನಾನು ಇಳಿಯೋ ಜಾಗ ಬಂತು. ಕೊನೆಗೆ ದಾಟಿದ್ಲಾ, ಇಲ್ವಾ?”

ಮುನ್ನಾ ತಿರುಗಿಯೂ ನೋಡದೆ ಬಸ್ಸು ಹತ್ತಿದ.