ಶರಣಬಸವನ ಮಿಷಿನ್ನಿನ ಬಿಳಿ ಬೆಳಕು

ಹತ್ರ ಸರದು ಕುಂದರ್ರಿ, ಜೋರ ಮಾತಾಡಬ್ಯಾಡ್ರಿ. ಇದು ನನ್ನ ಅಕ್ಕನ ಮಗ ಪ್ರಭುರಾಜಗ ಆದದ್ದು. ಇಲ್ಲೇ ಕುಷ್ಟಗಿಯೊಳಗ, ಹೋದ ವರ್ಷ ಯುಗಾದಿ ಮುಂದ. ನಾನೂ ಇದ್ದೆ. ನಾ ಇದ್ದದ್ದಕ್ಕ ಅಂವ ಜೀವಂತ ಅದಾನ, ಆ ಮಾತು ಇರಲಿ.

ಅವತ್ತು ಅಂಗಡಿ ಬಾಗಲಾ ಹಾಕಿ ಇಬ್ಬರೂ ಮನಿ ಕಡೆ ಹೊಂಟಿದ್ವಿ. ಹಾಳು ಬಾವಿ ಹತ್ರ ಬಂದ್ವಿ. ಆ ಬಾವಿಯೊಳಗ ನೀರು ನೋಡಿದಾವ್ರು ಊರಾಗ ಯಾರೂ ಉಳದಿಲ್ಲ. ಬರೇ ಕಲ್ಲು, ಜಾಲಿಮುಳ್ಳು. ಅದರ ಆಳದಾಗಿಂದ ಸಪ್ಪಳ ಬಂತು... ಗುಳು... ಗುಳು... ಅದರ ಹಿಂದ ಸಣ್ಣಗ, ಗುಂಯ್...

ನಾ ಹೆದರೋ ಕುಳ ಅಲ್ಲ. ಕೊಪ್ಪಳದ ಗುಡ್ಡದಾಗ ಕರಡಿ ಎದುರು ಬಂದಾಗ ನಾ ಒಮ್ಮೆ ಕೆಮ್ಮಿದ್ದಕ್ಕ ಅದು ಮರಿ ಬಿಟ್ಟು ಓಡೇತಿ. ಆದ್ರ ಪ್ರಭುರಾಜ ನನ್ನ ತೋಳು ಹಿಡಕೊಂಡ.

"ಮಾಮಾ... ಇದು ಶರಣಬಸವನ ಪಂಪು."

ಹೊಳ್ಳಿ ನೋಡಿದ್ವಿ. ಮಾಳಿಗಿ ಮ್ಯಾಲಿನ ಅಂಗಡಿ ಕಿಟಕಿಯೊಳಗ ಬಿಳಿ ಬೆಳಕು.

"ವೈರು ನಾನ ಕಿತ್ತು ಬಂದೀನಿ," ಅಂದ.

ಶರಣಬಸವ ಅಂದ್ರ ಪ್ರಭುರಾಜನ ಅಂಗಡ್ಯಾಗ ಮದುವಿ ವಿಡಿಯೋ ಮಿಕ್ಸಿಂಗ್ ಮಾಡ್ತಿದ್ದ ಹುಡುಗ. ಹೆಂಡ್ತಿ ಶೋಭಾರಾಣಿಯ ಕೊಳ್ಳಾಗಿನ ಬಂಗಾರದ ಬೋರಮಾಳ ಮಾರಿ, ಒಂದೊಂದ ಸಾಮಾನು ತಂದು ಆ ಕಂಪ್ಯೂಟರ್ ಜೋಡಿಸಿದ್ದ. ಕೆಲಸ ಮಾಡಿದಂಗ ಅದು ಕಾಯತಿತ್ತು. ತಂಪ ಇರಲಿ ಅಂತ ಒಳಗ ಎರಡು ಕರೇ ಪೈಪು, ಅದರಾಗ ನೀರು, ನೀರು ತಿರಗಸಾಕ ಮುಟಗಿಯಷ್ಟು ಪಂಪು. ಸುತ್ತ ಬಣ್ಣದ ಲೈಟು. ಕರೇ ಪರದಿ ಮ್ಯಾಲ ಇಂಗ್ಲಿಷ್ ಅಕ್ಷರ ಬಡದು ಅಪ್ಪಣಿ ಕೊಡತಿದ್ದ. ಪಂಪು ಇಷ್ಟು ಓಡು, ಲೈಟು ಈ ಬಣ್ಣ ಆಗು ಅಂತ. ಬಂದ್ ಮಾಡಿ ಹಚ್ಚಿದ್ರ ಮಿಷಿನ್ ಎಲ್ಲಾ ಮರೀತಿತ್ತು, ಮತ್ತ ಹೇಳಬೇಕು.

ಅವನ ಮನಿ ಬಾವಿ ಆಚಿಗಿ. ಹೊಚ್ಚಲದಾಗ ನಿಂತ್ರ ಈ ಕಿಟಕಿ ಕಾಣತೈತಿ. ಗಂಡ ಹೆಂಡ್ತಿ ಮಾತಾಡಿಕೊಂಡಿದ್ರು. ಕೆಂಪು ಅಂದ್ರ ಕೆಲಸ ಐತಿ, ನೀ ಉಂಡು ಮಲಕೋ. ಬಿಳಿ ಅಂದ್ರ ಹೊಂಟೀನಿ, ಒಲಿ ಹಚ್ಚು.

ಒಂದಿನ ಬಿಳಿ ಮಾಡಿ ಹೊಂಟಾಂವ ಕ್ರಾಸಿನ್ಯಾಗ ಲಾರಿಗಿ ಸಿಕ್ಕ. ಮನಿ ಮುಟ್ಟಲಿಲ್ಲ.

ಹದಿನೈದು ದಿನಕ್ಕ ಶೋಭಾರಾಣಿ ಅಂಗಡಿಗಿ ಬಂದ್ಲು. "ಅಣ್ಣಾರ, ಮಿಷಿನ್ ಕೊಡ್ರಿ. ನನಗೂ ಮಿಕ್ಸಿಂಗ್ ಬರತೈತಿ, ಮನ್ಯಾಗ ಮಾಡಿ ಹೊಟ್ಟಿ ಹೊರಕೋತೀನಿ."

ಪ್ರಭುರಾಜ ನನ್ನ ಕಡೆ ತಿರುಗಿದ. "ಮಾಮಾ, ಹಿರ್ಯಾ ನೀನ ಹೇಳು. ಯಾರದಿದು?"

ನಾ ಬಾಯಾಗಿನ ಅಡಿಕಿ ಆ ದವಡಿಗಿ ತಳ್ಳಿ ಹೇಳಿದೆ, "ನಮ್ಮ ಪ್ರಭುರಾಜಂದು."

ಆಕಿ ಅಳಲಿಲ್ಲ. "ಅಜ್ಜಾರ, ಇನ್ನೊಮ್ಮೆ ಕೇಳತೀನಿ ನಿಮ್ಮನ್ನ. ಇವತ್ತಲ್ಲ," ಅಂದು ಹೋದ್ಲು.

ಪ್ರಭುರಾಜಗ ಆ ಅಪ್ಪಣಿ ಬರಿಯಾಕ ಎಲ್ಲಿ ಬರತೈತಿ? ಕೀಬೋರ್ಡಿನ್ಯಾಗ ಮ್ಯಾಲ ಮಾರಿ ಮಾಡಿದ ಬಾಣದ ಗುಂಡಿ ಒಂದೈತಿ. ಒತ್ತಿದ್ರ ಹಿಂದ ಬಡದ ಸಾಲು ತಾನ ಎದ್ದು ಬರತೈತಿ, ಬಾಜೂಕಿನ ದೊಡ್ಡ ಗುಂಡಿ ಒತ್ತಿದ್ರ ಮಿಷಿನ್ ಆ ಅಪ್ಪಣಿ ನಡಸತೈತಿ. ದಿನಾ ಸತ್ತಾವನ ಸಾಲು ಎಬ್ಬಿಸಿ ಎಬ್ಬಿಸಿ ಕೆಲಸ ತಕ್ಕೊಂಡ. ಅದ ತಪ್ಪಾತು.

ಆ ರಾತ್ರಿ ಬಾವಿಯಿಂದ ತಿರುಗಿ ಬಂದು ಮಾಳಿಗಿ ಹತ್ತಿದ್ವಿ. ವೈರು ನೆಲದ ಮ್ಯಾಲ ಹಾವಿನಂಗ ಬಿದ್ದಿತ್ತು. ಮಿಷಿನ್ ಮಾತ್ರ ಓಡತಿತ್ತು. ಗುಂಯ್... ಗುಳು... ಪರದಿ ಕರ್ರಗ. ಬಿಳಿ ಲೈಟು ಆರಸಬೇಕಂತ ಪ್ರಭುರಾಜ ಬಾಣದ ಗುಂಡಿ ಒತ್ತಿದ. ಒಂದು ಸಾಲು ಬಂತು.

"ಇದು ಅಂವ ಎಂದೂ ಬರದದ್ದಲ್ಲ," ಪಿಸುಗುಟ್ಟಿದ.

"ಓದು."

"ಪಂಪು... ಸೊನ್ನಿ. ಲೈಟು... ಕೆಂಪು."

"ಮುಂದ?"

"ನನ್ನ ಹೆಸರು."

"ಅದರ ಮುಂದ?"

"ನಿಂದು, ಮಾಮಾ."

"ಗವಿಸಿದ್ದಪ್ಪ ಅನ್ನಾವ್ರು ಊರಾಗ ಇಪ್ಪತ್ತು ಮಂದಿ ಅದಾರ."

"ನಿಮ್ಮಪ್ಪನ ಹೆಸರೂ ಐತಿ."

ಯಾವುದು ನಂದು ಅಂದೆ. ಬೆರಳಿಟ್ಟು ತೋರಿಸಿದ. ಇರಿವಿ ಸಾಲಿನಂಗ ಕುಂತಿದ್ವು ಅಕ್ಷರ. ಪ್ರಭುರಾಜ ಎರಡೂ ಕೈ ಮ್ಯಾಲೆತ್ತಿ ಹಿಂದ ಸರದ. ನಾ ಕಣ್ಣಾರೆ ನೋಡೀನಿ... ಆ ದೊಡ್ಡ ಗುಂಡಿ ತಾನ ಕೆಳಗ ಹೋತು.

ಟಕ್.

ಪಂಪು ನಿಂತಿತು. ಅಂಗಡಿ ಎಲ್ಲಾ ಕೆಂಪು. ಪೈಪಿನೊಳಗ ನೀರು ಕುದಿಯಾಕ ಹತ್ತಿತು... ಚೊಂಯ್... ಚೊಂಯ್... ಸುಟ್ಟು ಹೋಗತೈತಿ ಅಂತ ಪ್ರಭುರಾಜ ಮಿಷಿನ್ ಹಿಡದ. ಬಲಗೈ ಅಂಟಿತು.

"ಬಿಡವಲ್ದು ಮಾಮಾ..."

"ಹೊತಗೊಂಡ ಶೋಭಾರಾಣಿ ಮನಿಗಿ ನಡಿ."

ಬಾವಿ ತನಕ ಬಂದ್ವಿ. ಅಲ್ಲಿ ಕಳ್ಳ ಪ್ರಭುರಾಜ ಸುಮ್ಮನ ತನ್ನ ಮನಿ ಹಾದಿ ಹಿಡಿಯಾಕ ಹೋದ. ಚರ್ರ್ ಅಂತು. ಚರ್ಮ ಸುಟ್ಟ ವಾಸನಿ ನನ್ನ ಮೂಗಿಗಿ ಬಡೀತು. ಶೋಭಾರಾಣಿ ಮನಿ ಕಡೆ ತಿರುಗಿದ ಕೂಡಲೆ ಕೆಂಪು ಹೋಗಿ ಬಿಳಿ ಆತು. ವೈರು ಹಿಂದ ಮಣ್ಣಾಗ ಎಳಕೋತ ಬರತಿತ್ತು.

ಆಕಿ ಮನಿ ಬಾಗಲಾ ತೆರದಿತ್ತು. ಪಟ್... ಪಟ್... ರೊಟ್ಟಿ ಬಡಿಯೋ ಸಪ್ಪಳ.

"ಕಿಟಕಿ ಬಿಳಿ ಆತು," ಅಂದ್ಲು, ಕೈ ನಿಲ್ಲಿಸದ. "ಅದಕ್ಕ ಒಲಿ ಹಚ್ಚೀನಿ." ಆಮ್ಯಾಲ ನನ್ನ ಕಡೆ ನೋಡಿದ್ಲು. ಪ್ರಭುರಾಜ ನೋವಿಗಿ ಮೊಣಕಾಲೂರಿ ಕುಂತಿದ್ದ. ಆಕಿಗಿ ಯಾವ ಅವಸರನೂ ಇದ್ದಿಲ್ಲ. ಆ ರೊಟ್ಟಿ ಬೇಯಿಸಿದ್ಲು, ಇನ್ನೊಂದು ತಟ್ಟಿದ್ಲು.

"ಅಜ್ಜಾರ, ಈಗ ಹೇಳ್ರಿ. ಯಾರದಿದು?"

"ಶರಣಬಸವಂದು ಯವ್ವಾ. ಈಗ ನಿಂದು."

ಕೈ ಬಿಟ್ಟಿತು. ಚರ್ಮ ಮಿಷಿನ್ನಿಗಿ ಉಳೀತು. ಒಳಗ ನೀರು ಮತ್ತ ತಿರುಗಿತು... ಗುಳು... ಗುಳು... ಉಂಡು ಎದ್ದಾವ್ರ ಹೊಟ್ಟಿಯಂಗ.

ಇವತ್ತಿಗೂ ರೇಷನ್ ಅಂಗಡಿ ಮಿಷಿನ್ ಪ್ರಭುರಾಜನ ಬಲಗೈ ಬೆರಳು ಹಿಡಿಯೂದಿಲ್ಲ, ಗೆರಿನ ಇಲ್ಲ. ಬೇಕಾದ್ರ ಹೋಗಿ ನೋಡ್ರಿ.

ನನ್ನ ಕೇಳತೀರೇನು? ನಾ ಸಾಲಿ ಮೆಟ್ಟಲಾ ತುಳದಾಂವಲ್ಲ. ಎಪ್ಪತ್ತು ವರ್ಷ ಹೆಬ್ಬೆಟ್ಟು ಒತ್ತೀನಿ. ಹೋದ ತಿಂಗಳ ತಾಲೂಕು ಕಚೇರ್ಯಾಗ ಮಸಿ ಡಬ್ಬಿ ಮುಂದಿಟ್ರು. ನನ್ನ ಕೈ ಪೆನ್ನು ತಕ್ಕೊಂತು. ನನ್ನ ಹೆಸರು, ನಮ್ಮಪ್ಪನ ಹೆಸರು, ಇಂಗ್ಲಿಷಿನ್ಯಾಗ, ಆ ಪರದಿ ಮ್ಯಾಲ ಇದ್ದಂಗ. ಯಾರೂ ಕಲಿಸಿಲ್ಲ. ಅದು ಬಿಟ್ಟು ಒಂದಕ್ಷರ ಬರೂದಿಲ್ಲ.

ಸುಳ್ಳು ಅನಸತೈತಿ? ಪೆನ್ನು ಕೊಡ್ರಿ ಇಲ್ಲಿ.