ಬಿಟ್ಟ ಕಂಬ

ಒಬ್ಬ ಸಿರಿವಂತನ ಕಥೆ ಹೇಳುತ್ತೇನೆ. ಯಾವ ಊರಿನವನು ಎಂದು ಕೇಳಬೇಡಿ, ನಿಮ್ಮೂರಿನವನೇ ಅಂದುಕೊಳ್ಳಿ.

ಅವನಿಗೆ ಒಂದು ಗಣಿ ಇತ್ತು. ಗುಡ್ಡದ ಹೊಟ್ಟೆಯಲ್ಲಿ ಸೀಸದ ಅದಿರಿನ ಪಟ್ಟಿ, ಆ ಸೀಸದೊಳಗೇ ಬೆಳ್ಳಿ. ಮನುಷ್ಯ ಹುಟ್ಟುವ ಎಷ್ಟೋ ಮೊದಲು ಬಂಡೆಯ ಬಿರುಕಿನಲ್ಲಿ ಬಿಸಿನೀರು ಹರಿದು, ತಣಿದು, ಬಿಟ್ಟುಹೋದ ಸಂಪತ್ತು ಅದು. ನೋಡಿ, ಬಂಡೆಗೆ ಅವಸರವಿರಲಿಲ್ಲ. ಅವಸರ ಇದ್ದದ್ದು ಧಣಿಗೆ! ಉಣ್ಣಲು ಕೂತರೆ ಅರ್ಧಕ್ಕೆ ಏಳುತ್ತಿದ್ದ. ಹೆಂಡತಿ ಮಾತಾಡುವಾಗ ಅವನ ಕಾಲು ನೆಲ ಕುಟ್ಟುತ್ತಿತ್ತು.

ಅಜ್ಜನ ಕಾಲದಿಂದ ಆ ಗಣಿಯಲ್ಲಿ ಒಂದು ಪದ್ಧತಿ. ಹತ್ತು ಮಾರು ಅಗೆದರೆ ಕಂಬದಷ್ಟು ಅದಿರನ್ನು ಮುಟ್ಟದೆ ಬಿಡಬೇಕು, ಮೇಲಿನ ಬಂಡೆಯನ್ನು ಅದು ಹೊರಬೇಕು. ದಿನಾ ಒಳಗಿಳಿದ ಕೂಡಲೇ ಮುದುಕ ಮೇಸ್ತ್ರಿ ಮೇಲ್ಗಲ್ಲನ್ನು ಹಾರೆಯಿಂದ ತಟ್ಟಿ ಕಿವಿಗೊಡಬೇಕು. ಠಣ್ ಎಂದರೆ ಕೆಲಸ. ಬದ್ ಎಂದರೆ ಕಲ್ಲು ಸಡಿಲ, ಎಲ್ಲರೂ ಹೊರಗೆ.

ಒಂದು ದಿನ ಅದಿರಿನ ಪಟ್ಟಿ ಕತ್ತರಿಸಿದ ಹಾಗೆ ನಿಂತುಹೋಯಿತು. ಮುಂದೆ ಬರೀ ಕರಿಗಲ್ಲು. ಧಣಿ ಮೇಸ್ತ್ರಿಯನ್ನು ಕರೆಸಿದ.

ಮೇಸ್ತ್ರಿ ಹೇಳಿದ: "ಪಟ್ಟಿ ಮುಗದಿಲ್ರಿ ಧಣಿ. ಗುಡ್ಡ ಯಾವಾಗೋ ಬಿರಕ ಬಿಟ್ಟು ಜಾರೇತಿ. ಇಲ್ಲೇ ಎಡಕ್ಕೋ ಬಲಕ್ಕೋ ಇರ್ತೈತಿ. ಒಂದೆರಡು ತಿಂಗಳು ತಡೀರಿ, ಹುಡುಕೂಣು."

"ಎರಡು ತಿಂಗಳು ಕೈಕಟ್ಟಿ ಕೂಡ್ಲೇನು? ಕಂಬದಾಗ ಐತಲ್ಲ ಅದಿರು, ಅದನ್ನ ತಗೀರಿ!"

"ಅದು ಅದಿರಲ್ರಿ ಯಪ್ಪಾ, ನಮ್ಮ ತಲಿ ಮ್ಯಾಲಿನ ಸೂರು."

ಧಣಿ ಕೇಳಿದನೇ? ಕೇಳಲಿಲ್ಲ. ಒಂದು ಕಂಬ ತೆಗೆಸಿದ, ಅದರ ಜಾಗದಲ್ಲಿ ಮರದ ದಿಮ್ಮಿ ನಿಲ್ಲಿಸಿದ. ಗುಡ್ಡ ಬೀಳಲಿಲ್ಲ. ಅದೇ ಅವನಿಗೆ ಮುಳುವಾಯಿತು ನೋಡಿ, ಗುಡ್ಡ ಬೀಳಲಿಲ್ಲ! ಎರಡನೆಯದನ್ನೂ ತೆಗೆಸಿದ. ತಟ್ಟಿ ಕೇಳುತ್ತ ನಿಂತರೆ ಹೊತ್ತು ಹಾಳೆಂದು ಹಾರೆಯ ಪದ್ಧತಿಯನ್ನೂ ನಿಲ್ಲಿಸಿದ.

ಮೂರನೆಯ ಕಂಬದ ದಿನ ತಾನೇ ಒಳಗಿಳಿದ. ದಿಮ್ಮಿಗಳು ಕಿರ್ ಎಂದವು. ಮೇಸ್ತ್ರಿ ಹೇಳದೆ ಕೇಳದೆ ಹಾರೆ ಎತ್ತಿ ತಟ್ಟಿದ. ಬದ್.

"ಹೊರಗ ನಡೀರೋ ಎಲ್ಲಾರೂ!"

ಆಳುಗಳು ಓಡಿದರು. ಧಣಿ ನಿಂತೇ ಇದ್ದ. ಕಂಬ ಅರ್ಧ ಒಡೆದಿತ್ತು, ಅದರ ಹೊಳಪು ಅವನ ಕಣ್ಣು ಬಿಡಲಿಲ್ಲ. ಇನ್ನೊಂದು ಏಟು, ಇನ್ನೊಂದೇ ಏಟು! ಗಣಿಯ ಬಾಯಿಯವರೆಗೆ ಹೋಗಿದ್ದ ಮೇಸ್ತ್ರಿ ತಿರುಗಿ ಬಂದ. ರಟ್ಟೆ ಹಿಡಿದು ಎಳೆದ, ಬಾಗಿಲ ಹತ್ತಿರ ಬೆನ್ನಿಗೆ ಕೈಕೊಟ್ಟು ದಬ್ಬಿದ. ಧಣಿ ಬೆಳಕಿಗೆ ಬಿದ್ದ, ಹಿಂದೆಯೇ ಮೇಲ್ಗಲ್ಲು ಕುಸಿಯಿತು. ಮೇಸ್ತ್ರಿ ಬರಲಿಲ್ಲ.

ಗಣಿ ಮುಚ್ಚಿತು, ನೀರು ತುಂಬಿತು. ವರ್ಷಗಳ ಮೇಲೆ ಕಲ್ಲು ಓದಬಲ್ಲವನೊಬ್ಬ ಬಂದು ಮೇಲಿನಿಂದ ಕೊರೆದು ನೋಡಿ ಹೇಳಿದ: ಪಟ್ಟಿ ಎಡಕ್ಕೆ ಜಾರಿದೆ, ಎಂಟೇ ಮಾರು. ಎಲ್ಲಿ ಗೊತ್ತೇ? ಆಳುಗಳು ದಿನಾ ಬುತ್ತಿ ನೇತುಹಾಕುತ್ತಿದ್ದ ಗೋಡೆಯ ಹಿಂದೆ. ಅಲ್ಲಿ ಕೂತು ಒಂದು ತುತ್ತು ಉಣ್ಣಲೂ ಧಣಿಗೆ ಪುರಸೊತ್ತು ಇರಲಿಲ್ಲವಲ್ಲ! ಆಮೇಲೆ ಅವನು ಬದುಕಿದಷ್ಟು ದಿನವೂ ಮನೆಯ ಗೋಡೆಗಳನ್ನು ಬೆರಳಿನಿಂದ ತಟ್ಟುತ್ತ, ಕಿವಿಯಿಟ್ಟು ಕೇಳುತ್ತ ಅಲೆದ. ತನಗಾಗಿ ತಿರುಗಿ ಬಂದ ಮೇಸ್ತ್ರಿಯ ಹೆಜ್ಜೆ ಮಾತ್ರ ಕೇಳಲಿಲ್ಲ.

ಅಯ್ಯೋ ಪಾಪ ಎನ್ನುತ್ತೀರಿ. ಧಣಿಗಲ್ಲ ತಾಯಂದಿರೇ, ಅಣ್ಣಂದಿರೇ, ನಿಮಗೆ ನೀವೇ ಅನ್ನಿ. ನಿದ್ದೆ ಒಂದು ಕಂಬ, ಅದನ್ನು ಒಡೆದಿರಿ. ಮನೆಯವರ ಜೊತೆಯ ಊಟ ಒಂದು ಕಂಬ, ಅದನ್ನೂ ಒಡೆದಿರಿ. ಏನೂ ಆಗಲಿಲ್ಲವಲ್ಲ ಎನ್ನುತ್ತೀರಿ. ಅವನೂ ಹಾಗೇ ಅಂದಿದ್ದ! ಈಗಲೂ ನಿಮ್ಮಲ್ಲಿ ಎಷ್ಟು ಜನ ಚಪ್ಪಲಿಯ ಕಡೆ ನೋಡುತ್ತಿದ್ದೀರಿ, ನನಗೆ ಕಾಣುವುದಿಲ್ಲವೇ?

ನಾಳೆ ಬೆಳಿಗ್ಗೆ ಮನೆಯಿಂದ ಹೊರಡುವ ಮೊದಲು ಹೆಂಡತಿಯನ್ನೋ ಗಂಡನನ್ನೋ ಅಮ್ಮನನ್ನೋ "ಹೇಗಿದ್ದೀ" ಎಂದು ಕೇಳಿ. ಕೇಳಿದ ಮೇಲೆ ಉತ್ತರ ಮುಗಿಯುವವರೆಗೆ ನಿಲ್ಲಿ. ಅದೇ ನಿಮ್ಮ ಹಾರೆ. "ಏನಿಲ್ಲ" ಎಂದು ಸಪ್ಪೆಯಾಗಿ ಹೇಳಿದರೆ ಅಂದಿನ ಕೆಲಸ ಬಿಡಿ, ಪಕ್ಕದಲ್ಲಿ ಕೂತುಕೊಳ್ಳಿ. ನಿಮ್ಮನ್ನು ಹೊರಗೆ ದಬ್ಬಲು ಪ್ರತಿ ಸಲವೂ ಒಬ್ಬ ಮೇಸ್ತ್ರಿ ತಿರುಗಿ ಬರುವುದಿಲ್ಲ.